ಹನ್ನೊಂದರಿಂದ ಮೊದಲಾದ ಮಾಲಿಕೆ

ಪತ್ತೇದಾರನ ಕಥೆಗಳನ್ನು ಬಹಳ ಓದಿದವರಿಗೆ ಒಂದು ಚಟ ಅಂಟಿಕೊಳ್ಳುವದುಂಟು. ಮುಂದೆ ಕಾಣುವ ವಸ್ತುವನ್ನು ಬಿಟ್ಟು, ಇರಬೇಕಾಗಿದ್ದು ಇಲ್ಲದೆ ಹೋದ ವಸ್ತುವಿನ ಮೇಲೆಯೇ ಅವರ ದೃಷ್ಟಿ ನೆಡುವದು. ಈ ಚಟವು ಇತಿಹಾಸದ ಅಭ್ಯಾಸಕ್ಕೂ ಸಲ್ಲುವಂಥದು. ಅದಕ್ಕೊಂದು ಉದಾಹರಣೆಯನ್ನು ವಾಚಕರ ಮುಂದಿಡುತ್ತೇನೆ.

ವಿಷಯವು ಹುಟ್ಟಿದ್ದು ವಿದ್ಯಾಗಿರಿಯ ಒಂದು ಮನೆಯ ಪಡಸಾಲೆಯಲ್ಲಿ. 1906ರಲ್ಲಿ ಸ್ಥಾಪಿತವಾದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಶಾಲೆ ಕಾಲೇಜುಗಳಿಂದ ಹೆಸರಾದ ಈ ಭಾಗದಲ್ಲಿ ಗ್ರಂಥ ಚರ್ಚೆಗೆ ಬರಗಾಲವಿಲ್ಲ. ಆದರೆ ಆ ಸಂಜೆಯ ಚರ್ಚೆ ಪಂಪ ರನ್ನರದಾಗಿರಲಿಲ್ಲ. ಐವತ್ತು ದಾಟಿದ ನಾಲ್ವರು ಗೃಹಸ್ಥರು, ಕನ್ನಡಕ ಹಾಕಿ ಪೈಪು ಸೇದುವ ಪತ್ತೇದಾರ ರಿಪ್ ಕರ್ಬಿಯ ಚಿತ್ರಕಥೆಗಳನ್ನು ನೆನೆಯುತ್ತ ಕುಳಿತಿದ್ದರು. ಅಮೇರಿಕೆಯ ಚಿತ್ರಕಾರ ಅಲೆಕ್ಸ್ ರೇಮಂಡನು 1946ರಲ್ಲಿ ವೃತ್ತಪತ್ರಗಳಿಗಾಗಿ ನಿರ್ಮಿಸಿದ ಈ ಪಾತ್ರವು ನಮ್ಮವರಿಗೆ ಪರಿಚಯವಾದದ್ದು ಇಂದ್ರಜಾಲ ಕಾಮಿಕ್ಸಿನ ಮೂಲಕ. ಟೈಮ್ಸ್ ಆಫ್ ಇಂಡಿಯಾದವರು 1964ರಲ್ಲಿ ಫ್ಯಾಂಟಮ್‌ನ ಕಥೆಯಿಂದ ಆರಂಭಿಸಿದ ಮಾಲಿಕೆಯದು.

ಇಂಥ ಮಾತುಕತೆಯಲ್ಲಿ ಇಸವಿಯನ್ನು ಯಾರೂ ಇಸವಿಯೆಂದು ಹೇಳುವದಿಲ್ಲ. ದೂರದರ್ಶನದ ಧಾರಾವಾಹಿಗಳೇ ಅವರ ಪಂಚಾಂಗ. "ಗಜ್ಜರಿ ತಿನ್ನುವ ಕರಮಚಂದ ಬರುತ್ತಿದ್ದಾಗ ನಾನು ಇದನ್ನು ಕೊಂಡೆ" ಎಂದರು ಒಬ್ಬರು. ಕರಮಚಂದ ಬಂದದ್ದು 1985ರಲ್ಲಿ. ಆದ್ದರಿಂದ ಇದು ನಂಬತಕ್ಕ ಮಾತು. "ನಾನು ಬ್ಯೋಮಕೇಶ ಬಕ್ಷಿಯ ಕಾಲಕ್ಕೆ, ಹೊಸದಾಗಿಯೇ ಅಂಗಡಿಯಲ್ಲಿ ಕೊಂಡೆ" ಎಂದರು ಮತ್ತೊಬ್ಬರು. ಬಸು ಚಟರ್ಜಿಯವರ ಬ್ಯೋಮಕೇಶ 1993ರದು. ಇಂದ್ರಜಾಲವು 1990ರಲ್ಲಿಯೇ ನಿಂತುಹೋಗಿತ್ತು. ಅವರು ಕೊಂಡಿದ್ದರೆ ರದ್ದಿ ಅಂಗಡಿಯ ಹಳೆಯ ಪ್ರತಿಯನ್ನೇ ಕೊಂಡಿರಬೇಕು. ಇದನ್ನು ಹೇಳಿದಾಗ ಆ ಗೃಹಸ್ಥರಿಗೆ ಸ್ವಲ್ಪ ಬೇಸರವಾಯಿತು. ನೆನಪು ಸುಳ್ಳಾಡುವದಿಲ್ಲ, ಆದರೆ ಬೇರೆ ಬೇರೆ ವರುಷಗಳನ್ನು ಒಂದೇ ಗಂಟಿನಲ್ಲಿ ಕಟ್ಟಿಬಿಡುವದು.

ಆಮೇಲೆ ಮಾತು ಅಮರ ಚಿತ್ರ ಕಥೆಯ ಕಡೆಗೆ ತಿರುಗಿತು. ಅದರ ಹುಟ್ಟಿನ ಕಥೆ ಎಲ್ಲರಿಗೂ ಬಾಯಿಪಾಠ. ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿದ ಅನಂತ ಪೈಯವರು ಇಂದ್ರಜಾಲದಲ್ಲಿ ಕೆಲಸ ಮಾಡುತ್ತಿದ್ದ ಕಾಲ. 1967ರಲ್ಲಿ ದಿಲ್ಲಿಯಲ್ಲಿ ದೂರದರ್ಶನದ ಒಂದು ಪ್ರಶ್ನೋತ್ತರ ಕಾರ್ಯಕ್ರಮವನ್ನು ಕಂಡರು. ಗ್ರೀಕರ ದೇವತೆಗಳ ವಿಷಯಕ್ಕೆ ತಡವಿಲ್ಲದೆ ಉತ್ತರಿಸಿದ ವಿದ್ಯಾರ್ಥಿಗಳಿಗೆ ಶ್ರೀರಾಮನ ತಾಯಿಯ ಹೆಸರು ಬರಲಿಲ್ಲ. ಪೈಯವರ ಮನಸ್ಸು ನೊಂದಿತು, ಮಾಲಿಕೆ ಹುಟ್ಟಿತು. ಈ ಪ್ರಸಂಗವನ್ನು ಪೈಯವರೇ ಅನೇಕ ಸಾರೆ ಹೇಳಿರುವರಾದ್ದರಿಂದ ಸಂಶಯಕ್ಕೆ ಎಡೆಯಿಲ್ಲ. ಪ್ರಥಮ ಪುಸ್ತಕ "ಕೃಷ್ಣ". ಬರಹ ಪೈಯವರದು, ಚಿತ್ರ ರಾಮ ವಾಯೀರಕರರದು.

ಆದರೆ ಆ "ಕೃಷ್ಣ"ನ ಕ್ರಮಾಂಕವು 1 ಅಲ್ಲ, 11. ಹಿಂದಿನ ಹತ್ತು ಎಲ್ಲಿ ಹೋದವು?

ಇಲ್ಲಿಯೇ ನಮ್ಮ ನಾಡಿನ ಪಾಲು ಹೊರಬೀಳುವದು. ಪ್ರಕಾಶಕರಾದ ಇಂಡಿಯಾ ಬುಕ್ ಹೌಸಿನ ಬೆಂಗಳೂರು ಶಾಖೆಯಲ್ಲಿದ್ದ ಜಿ. ಕೆ. ಅನಂತರಾಮ್ ಎಂಬವರು 1965ರಲ್ಲಿ, ಅಂದರೆ ದಿಲ್ಲಿಯ ಆ ಪ್ರಶ್ನೋತ್ತರಕ್ಕೆ ಎರಡು ವರುಷ ಮೊದಲೇ, ಚಿತ್ರಕಥೆಗಳನ್ನು ಕನ್ನಡದಲ್ಲಿ ಹೊರಡಿಸಿದ್ದರು. ಮೊದಲಿನ ಹತ್ತು ಸಂಖ್ಯೆಗಳು ಆ ಕನ್ನಡ ಪುಸ್ತಕಗಳವು. ಅವು ಚೆನ್ನಾಗಿ ಖರ್ಚಾದವು. ಆ ವ್ಯಾಪಾರವನ್ನು ಕಂಡೇ ಮುಂಬಯಿಯ ಮುಖ್ಯ ಕಚೇರಿಯವರಿಗೆ ಇಂಗ್ಲಿಷಿನಲ್ಲಿಯೂ ಮಾಡೋಣವೆಂಬ ಧೈರ್ಯ ಹುಟ್ಟಿತೆಂದೂ, ಪೈಯವರನ್ನು ಕರೆತಂದದ್ದು ಅನಂತರವೆಂದೂ ಅನಂತರಾಮರು ಹೇಳಿರುವರು. ಭಾರತವೆಲ್ಲ ಮನೆಮಾತಾದ ಮಾಲಿಕೆಯ ತಳಹದಿ ಕನ್ನಡದ್ದು. ಅದಕ್ಕೆ ಸಾಕ್ಷಿಯಾಗಿ ನಿಂತದ್ದು "ಕೃಷ್ಣ"ನ ಹೊದಿಕೆಯ ಮೇಲಿನ ಒಂದು ಅಂಕೆ.

ಹಾಗಾದರೆ ಈ ಸಂಗತಿಯು ಮರೆತುಹೋದದ್ದೇಕೆ? ಪತ್ತೇದಾರರು ಇಂಥಲ್ಲಿ ಉದ್ದೇಶವನ್ನು ಹುಡುಕುವರು. ನನಗೆ ತೋಚುವ ಕಾರಣವಿದು. ಆ ಹತ್ತು ಪುಸ್ತಕಗಳಲ್ಲಿದ್ದವು ಸಿಂಡ್ರೆಲಾ, ಪಿನೋಕಿಯೊ ಮೊದಲಾದ ಪರದೇಶದ ಮಕ್ಕಳ ಕಥೆಗಳು. ನಮ್ಮ ಮಕ್ಕಳಿಗೆ ನಮ್ಮ ಪುರಾಣ ತಿಳಿಯದೆಂಬ ಸಂಕಟದಿಂದ ಹುಟ್ಟಿತೆನ್ನುವ ಮಾಲಿಕೆಯ ಮುಂಬಾಗಿಲಲ್ಲಿ ಗಾಜಿನ ಜೋಡು ಮೆಟ್ಟಿದ ಸಿಂಡ್ರೆಲಾ ನಿಂತಿದ್ದರೆ ಕಥೆಯ ಅಂದ ಕೆಡುವದು! ಯಾರೂ ಬೇಕೆಂದು ಮುಚ್ಚಿಟ್ಟರೆಂದು ನಾನು ಹೇಳುವದಿಲ್ಲ. ದೂರದರ್ಶನದ ಪ್ರಸಂಗವು ಹೇಳಲು ಸೊಗಸು, ಕೇಳಲು ಹಿತ. ಮಾರಾಟದ ಲೆಕ್ಕದ ಪ್ರಸಂಗದಲ್ಲಿ ಆ ಸೊಗಸಿಲ್ಲ. ಇವೆರಡರಲ್ಲಿ ವಿರೋಧವೂ ಇಲ್ಲ. ದಿಲ್ಲಿಯ ಪರದೆಯಿಂದ ಮಾಲಿಕೆಗೆ ವಸ್ತು ದೊರೆಯಿತು. ಓದುಗರು ಕೊಂಡುಕೊಳ್ಳುವರೆಂಬ ಭರವಸೆ ಬೆಂಗಳೂರಿನಿಂದ ದೊರೆಯಿತು. ಒಂದನ್ನು ಮಾತ್ರ ಹಾಡಿ ಹೊಗಳಿ ಮತ್ತೊಂದನ್ನು ಕೈಬಿಟ್ಟದ್ದು ನಮ್ಮ ತಪ್ಪು. ಅದಕ್ಕಿಂತ ದುಃಖದ ಮಾತೆಂದರೆ, ಮುಂದಿನ ಮರುಮುದ್ರಣಗಳಲ್ಲಿ "ಕೃಷ್ಣ"ನಿಗೆ 501 ಎಂಬ ಹೊಸ ಸಂಖ್ಯೆ ಬಂದುದರಿಂದ ಉಳಿದಿದ್ದ ಸುಳಿವೂ ಅಳಿಸಿತು. ಈಗಿನ ಹುಡುಗನು ಆ ಪುಸ್ತಕ ಹಿಡಿದರೆ ಹತ್ತು ಎಲ್ಲಿ ಎಂದು ಕೇಳಲಾರನು.

ದೂರದರ್ಶನದ ವಿಷಯದಲ್ಲಿ ಇನ್ನೊಂದು ಮಾತು. 1967ರಲ್ಲಿ ಆ ಯಂತ್ರವಿದ್ದದ್ದು ದಿಲ್ಲಿಯಲ್ಲಿ ಮಾತ್ರ. ಮುಂಬಯಿಗೇ ಅದು 1972ರಲ್ಲಿ ಬಂತು. ನಮ್ಮ ಸೀಮೆಯ ಚರಿತ್ರೆ ವಿಚಿತ್ರವಾದದ್ದು. 1975ರ ಆಗಸ್ಟಿನಿಂದ ಒಂದು ವರುಷ ಅಮೇರಿಕೆಯ ಕೃತಕ ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಹಳ್ಳಿಗಳಿಗೆ ಚಿತ್ರ ಕಳಿಸಿದ ಪ್ರಯೋಗದಲ್ಲಿ ಕರ್ನಾಟಕದಿಂದ ಆರಿಸಿಕೊಂಡದ್ದು ಗುಲಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು. ಬಾಗಲಕೋಟೆಯು ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಆಗ ನಾವು ವಿಜಾಪುರದವರೇ. ಬೆಂಗಳೂರಿನ ಕೇಂದ್ರವು 1981ರಲ್ಲಿ ಆರಂಭವಾಯಿತು. ಎಂದರೆ ರಾಜಧಾನಿಯ ನಾಗರಿಕರಿಗಿಂತ ಮುಂಚೆ ನಮ್ಮ ಜಿಲ್ಲೆಯ ಒಕ್ಕಲುಮಕ್ಕಳು ಊರ ಮುಂದಿನ ಬಯಲಲ್ಲಿ ಕುಳಿತು ದೂರದರ್ಶನ ಕಂಡರು. ಪ್ರಯೋಗ ಮುಗಿಯಿತು, ಮನೆಮನೆಗೆ ಕರಮಚಂದ ಬರುವ ಹೊತ್ತಿಗೆ ಇನ್ನೊಂದು ದಶಕವೇ ಸಂದಿತು. ನಡುವಿನ ವರುಷಗಳಲ್ಲಿ ಇಲ್ಲಿಯ ಹುಡುಗರಿಗೆ ಪರದೆಯ ಬದಲು ಇದ್ದದ್ದು ಚಿತ್ರಕಥೆಯ ಪುಟಗಳೇ.

ಪತ್ತೇದಾರಿಯ ರುಚಿಯನ್ನು ನಮಗೆ ಹಚ್ಚಿದವು ಚಿತ್ರಕಥೆಗಳೆಂದೂ ತಿಳಿಯಬಾರದು. ನಾಲ್ಕನೆಯ ತರಗತಿಯವರೆಗೆ ಮಾತ್ರ ಕಲಿತ ಎನ್. ನರಸಿಂಹಯ್ಯನವರು 1952ರಲ್ಲಿ "ಪತ್ತೇದಾರ ಪುರುಷೋತ್ತಮ"ನನ್ನು ಬರೆದು, 2011ರಲ್ಲಿ ತೀರಿಕೊಳ್ಳುವದರೊಳಗೆ ಐನೂರು ಕಾದಂಬರಿಗಳ ಗಡಿಯನ್ನು ದಾಟಿದ್ದರು. ಅವರ ಪುಸ್ತಕಗಳನ್ನು ಮಕ್ಕಳು ಪಠ್ಯಪುಸ್ತಕದೊಳಗೆ ಬಚ್ಚಿಟ್ಟು ಓದುವದೂ, ಹಿರಿಯರು ಕಸಿದುಕೊಂಡು ತಾವೇ ಓದುವದೂ ಬಹು ಮನೆಗಳಲ್ಲಿ ನಡೆದ ಸಂಗತಿ. ಆದರೂ ಕಪಾಟಿನಲ್ಲಿ ಅವುಗಳಿಗೆ ಸ್ಥಳವಿರಲಿಲ್ಲ.

ಸ್ಥಳವಿಲ್ಲದ ಪುಸ್ತಕಕ್ಕೆ ಮನೆ ಬಿಡುವ ಕಾಲವೇ ಮೃತ್ಯುವೆಂಬುದನ್ನು ಬಾಗಲಕೋಟೆಯವರಿಗೆ ಹೇಳಬೇಕಾಗಿಲ್ಲ. ಆಲಮಟ್ಟಿಯ ಹಿನ್ನೀರು ಹಳೆಯ ಊರಿನೊಳಗೆ ಬಂದಾಗ ಸಾವಿರಾರು ಮನೆತನಗಳು ನವನಗರಕ್ಕೆ ನಡೆದವು. ದೇವರ ಪೆಟ್ಟಿಗೆ, ಹೊಲದ ಕಾಗದ, ತೊಲೆ ಬಾಗಿಲುಗಳನ್ನು ಕೂಡ ಬಿಚ್ಚಿ ಒಯ್ದವರುಂಟು. ಮಕ್ಕಳ ಚಿತ್ರಪುಸ್ತಕಗಳನ್ನು ಯಾರು ಒಯ್ದಾರು? ತೂಕಕ್ಕೆ ಹಾಕಿದರು. ಅದಕ್ಕಾಗಿ ಯಾರನ್ನೂ ದೂರಲಾರೆ. ಆದರೆ ಆ ಸಂಜೆಯ ನಾಲ್ವರಲ್ಲಿ ಒಬ್ಬರ ಬಳಿಯಲ್ಲಿಯೂ, ಅವರು ತಾಸುಗಟ್ಟಲೆ ವರ್ಣಿಸಿದ ಪುಸ್ತಕಗಳಲ್ಲಿ ಒಂದೂ ಇರಲಿಲ್ಲ. ಬ್ಯೋಮಕೇಶನ ಕಾಲದ ವಾದವು ಮುಗಿಯದೆ ಉಳಿಯಲು ಅದೇ ಕಾರಣ: ತೋರಿಸಲು ಪ್ರತಿಯಿಲ್ಲ.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಹಳೆಯ ಮನೆಗಳ ಅಟ್ಟದಲ್ಲಿ 1965ರ ಆ ಹತ್ತು ಕನ್ನಡ ಪುಸ್ತಕಗಳಲ್ಲಿ ಯಾವದಾದರೂ ಇಲಿಯ ಬಾಯಿಗೆ ಬೀಳದೆ ಉಳಿದಿದ್ದರೆ, ಗೃಹಸ್ಥರು ದಯವಿಟ್ಟು ಅದರ ಹೊದಿಕೆಯನ್ನೂ, ಒಳಬದಿಯಲ್ಲಿ ಅಚ್ಚಾಗಿರುವ ಮುದ್ರಣಾಲಯದ ಹೆಸರು, ಇಸವಿ, ಬೆಲೆ, ಕ್ರಮಾಂಕಗಳನ್ನೂ ಪ್ರತಿ ತೆಗೆದು ಈ ಮಾಸಪತ್ರಿಕೆಯ ವಿಳಾಸಕ್ಕೆ ಕಳಿಸಬೇಕು. ಮೂಲ ಪ್ರತಿಯನ್ನು ಕಳಿಸುವ ಅವಶ್ಯಕತೆಯಿಲ್ಲ, ಅದನ್ನು ಕಪಾಟಿನಲ್ಲಿಡಿರಿ.