ವಕೀಲರಿಲ್ಲದ ದೂರಿನ ಕಥೆ

ಗೋಕಾಕ ಫಾಲ್ಸ್‌ನಲ್ಲಿ ಘಟಪ್ರಭೆಯ ನೀರು 1887ರಲ್ಲೇ ಗಿರಣಿ ಓಡಿಸಿತ್ತು. ಅದೇ ಊರಿನ ಗ್ರಾಹಕನ ಕೈಗೆ ಬ್ಯಾಂಕು, ವಿಮೆ ಕಂಪನಿಗಳನ್ನು ಪ್ರಶ್ನಿಸೋ ಗ್ರಾಹಕ ಕಾಯ್ದೆ ಸಿಕ್ಕಿದ್ದು 99 ವರ್ಷಗಳ ನಂತರ, 1986ರಲ್ಲಿ! ಆಗಲೂ ಒಂದು ತೊಡಕು ನೋಡಿ: ಕಂಪನಿ ಅಥವಾ ಅದರ ಶಾಖೆ ಇರೋ ಕಡೆ, ಇಲ್ಲವೇ ತಕರಾರು ಹುಟ್ಟಿದ ಕಡೆಯೇ ದೂರು ಕೊಡಬೇಕಿತ್ತು.

2019ರ ಕಾಯ್ದೆ ಇದನ್ನು ಬದಲಿಸಿತು. ಸಾಲ ಕೊಟ್ಟವರ ಕಚೇರಿ ಮುಂಬೈಯಲ್ಲೇ ಇರಲಿ, ಫಾಲ್ಸ್‌ನವರು ಬೆಳಗಾವಿ ಜಿಲ್ಲಾ ಆಯೋಗಕ್ಕೇ ಹೋಗಬಹುದು. ವಕೀಲರು ಕಡ್ಡಾಯವಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು, ಅಷ್ಟೇ.

ರಿಸರ್ವ್ ಬ್ಯಾಂಕಿನ 2021ರ ಒಂಬುಡ್ಸ್‌ಮನ್ ಯೋಜನೆ ಇನ್ನೂ ಮುಂದೆ ಹೋಯಿತು: ಗ್ರಾಹಕರ ಪರವಾಗಿ ವಕೀಲರು ತಂದ ದೂರನ್ನೇ ತಗೊಳ್ಳಲ್ಲ ಎಂದಿತು! ಮೊದಲು ಬ್ಯಾಂಕಿಗೆ ಬರೆದು, ಸ್ವೀಕೃತಿ ಇಟ್ಟುಕೊಂಡು, ಉತ್ತರಕ್ಕೆ 30 ದಿನ ಕಾಯಬೇಕು.

ನೂರು ವರ್ಷ ದೂರವಿದ್ದ ಬಾಗಿಲು ಈಗ ಹತ್ತಿರ ಬಂದಿದೆ. ಬಡಿಯಬೇಕಾದವರು ನಾವೇ.