ರೇಷನ್ ಚೀಲ ಕಲಿಸಿದ ರುಚಿ

ಬೀದರ್ ಜಿಲ್ಲೆಯ ಔರಾದ್ ಕಡೆಯ ಯಾವುದಾದರೂ ಹಳ್ಳಿಯ ಕಿರಾಣಿ ಅಂಗಡಿ ಮುಂದೆ ಸಂಜೆ ಅರ್ಧ ತಾಸು ನಿಂತು ನೋಡಿ. ಕೂಲಿ ಮುಗಿಸಿ ಬಂದ ಹೆಣ್ಣುಮಗಳು ಕೇಳುವುದು ಹತ್ತು ರೂಪಾಯಿ ಎಣ್ಣೆ, ಐದು ರೂಪಾಯಿ ಖಾರ, ಒಂದಿಷ್ಟು ಚಹಾಪುಡಿ, ಸಕ್ಕರೆ. ಸೆರಗು ಹಿಡಿದು ನಿಂತ ಮಗು ಬೆರಳು ತೋರಿಸುವುದು ತಲೆ ಮೇಲೆ ಜೋತಾಡುವ ಚಿಪ್ಸ್ ಪಾಕೀಟಿನ ಕಡೆ. ಎಲ್ಲವೂ ಉದ್ರಿ ವಹಿಗೆ. ಬೇಳೆ ಕೇಳಿದರೂ ಪಾವು ಕಿಲೋ. ಸುತ್ತಲಿನ ಹೊಲಗಳಲ್ಲಿ ತೊಗರಿ, ಹೆಸರು, ಉದ್ದು, ಕಡಲೆ ಬೆಳೆಯುತ್ತವೆ. ಬೀದರಿನ ಗಾಂಧಿ ಗಂಜ್‌ನಲ್ಲಿ ಸುಗ್ಗಿಯಲ್ಲಿ ಕಾಳಿನ ಚೀಲಗಳ ನಡುವೆ ಹಾದಿ ಸಿಗುವುದಿಲ್ಲ. ಕಾಳು ಬೆಳೆದ ಊರಿನಲ್ಲೇ ಬೇಳೆ ಪಾವು ಕಿಲೋ.

ಬಡವರು ಅಂಗಡಿಯಲ್ಲಿ ಒಳ್ಳೆಯದನ್ನೇ ಆರಿಸಿಕೊಳ್ಳುವಂತೆ ಮಾಡುವುದು ಹೇಗೆ ಎಂಬ ಪ್ರಶ್ನೆಯ ಸುತ್ತ ಈಗ ಒಂದು ಶಾಸ್ತ್ರವೇ ಬೆಳೆದಿದೆ. ಮೊದಮೊದಲು ಪ್ರಶ್ನೆ ಅಂಗಡಿಯದಾಗಿರಲಿಲ್ಲ, ತಾಟಿನದಾಗಿತ್ತು: ಊಟದಲ್ಲಿ ಏನು ಕಡಿಮೆ? ಕೂನೂರಿನಲ್ಲಿದ್ದ ಪೋಷಣಾ ಪ್ರಯೋಗಾಲಯ 1958ರಲ್ಲಿ ಹೈದರಾಬಾದಿಗೆ ಬಂದ ಮೇಲೆ ದಖನ್ನಿನ ಜೋಳ ಉಣ್ಣುವ ಜನ ವಿಜ್ಞಾನಿಗಳ ಕಣ್ಣಿಗೆ ಹತ್ತಿರವಾದರು. ಜೋಳವೊಂದನ್ನೇ ನಂಬಿದ ಬಡವರಲ್ಲಿ ಚರ್ಮ ಸುಟ್ಟಂತೆ ಕಪ್ಪಾಗುವ ಪೆಲಾಗ್ರ ಕಾಣುತ್ತಿತ್ತು. ಜೋಳದಲ್ಲಿ ಹೆಚ್ಚಿರುವ ಲ್ಯೂಸಿನ್ ಇದಕ್ಕೆ ಕಾರಣವೆಂದು ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ 1960ರಲ್ಲಿ ವಾದಿಸಿದರು. ಆ ವಾದಕ್ಕೆ ಮುಂದೆ ಆಕ್ಷೇಪಗಳೂ ಬಂದವು. ಇಂದಿನ ಸಿರಿಧಾನ್ಯ ಮೇಳಗಳ ವೇದಿಕೆಯಲ್ಲಿ ಈ ಕಥೆ ಕೇಳಿಬರುವುದಿಲ್ಲ. ಹೇಳಬೇಕು. ಜೋಳ ಕೆಟ್ಟದ್ದೆಂದಲ್ಲ, ಜೋಳದ ಜೊತೆಗೆ ಏನೂ ಇಲ್ಲದ ತಾಟು ಕೆಟ್ಟದ್ದೆಂದು.

ಜೊತೆಗೆ ಏನಿರಬೇಕೆಂಬುದು ಇಲ್ಲಿಯವರಿಗೆ ಗೊತ್ತಿರಲಿಲ್ಲವೇ? ಎಳ್ಳಮಾವಾಸ್ಯೆಯ ದಿನ ಭಾಲ್ಕಿಯ ಹೊಲವೊಂದಕ್ಕೆ ಹೋಗಿ. ಹಸಿ ಕಡಲೆ, ತೊಗರಿಕಾಳು, ಅವರೆ, ಬಟಾಣಿ, ಮೆಂತೆ, ಪಾಲಕ, ಬದನೆ, ಗಜ್ಜರಿ ಎಲ್ಲ ಒಂದೇ ಪಾತ್ರೆಯಲ್ಲಿ ಕುದಿಸಿ, ಕಡಲೆಹಿಟ್ಟು ಕಲಸಿ ಬಿಟ್ಟ ಭಜ್ಜಿ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ಮಜ್ಜಿಗೆ ಬೆರೆಸಿದ ಜೋಳದ ಅಂಬಲಿ. ಪೋಷಣೆಯ ಪಾಠ ಹೇಳುವವರು ಗೋಡೆಗೆ ಅಂಟಿಸುವ ಚಿತ್ರಪಟದಲ್ಲಿ ಇರುವುದೂ ಇದೇ. ಆದರೆ ಹೊಲ ಇದ್ದವರಿಗೆ ಇದು ಹಬ್ಬ, ಇಲ್ಲದವರಿಗೆ ಕರೆದರೆ ಸಿಗುವ ಊಟ.

1965ರಲ್ಲಿ ಭಾರತೀಯ ಆಹಾರ ನಿಗಮ ಬಂತು. ಅದರ ಗೋದಾಮು ತುಂಬಿದ್ದು ಅಕ್ಕಿ, ಗೋಧಿಯಿಂದ. ಹಾಗಾಗಿ ಕಂಟ್ರೋಲ್ ಅಂಗಡಿಗೆ ಇಳಿದದ್ದೂ ಅವೇ. 2013ರ ಜುಲೈ 10ರಂದು ರಾಜ್ಯದ ಅನ್ನಭಾಗ್ಯ ಯೋಜನೆ ಶುರುವಾದಾಗ ಕಿಲೋಗೆ ಒಂದು ರೂಪಾಯಿ, 2015ರಿಂದ ಅಕ್ಕಿ ಪುಕ್ಕಟೆ. ರೊಟ್ಟಿಯ ನಾಡಿನಲ್ಲಿ ದಿನದ ಊಟ ಅನ್ನವಾಯಿತು ಎಂದು ಗೊಣಗುವವರು ಬಹಳ. ನನಗೆ ಆ ಗೊಣಗಾಟ ಅಷ್ಟಾಗಿ ಒಪ್ಪಿಗೆಯಿಲ್ಲ. ಜೋಳ ಹಸನ ಮಾಡಬೇಕು, ಗಿರಣಿಗೆ ಹೊರಬೇಕು, ಬಿಸಿನೀರಲ್ಲಿ ನಾದಬೇಕು, ಒಲೆ ಮುಂದೆ ಕೂತು ಒಂದೊಂದಾಗಿ ಬಡಿಯಬೇಕು. ಅಕ್ಕಿ ತೊಳೆದು ಇಟ್ಟರೆ ತಾನೇ ಬೇಯುತ್ತದೆ. ದಿನವಿಡೀ ಸೋಯಾ ಕಳೆ ತೆಗೆದು ಬಂದವಳು ಅಕ್ಕಿಯನ್ನು ಆರಿಸಿಕೊಂಡರೆ ಅದು ಅಜ್ಞಾನವಲ್ಲ, ಲೆಕ್ಕ.

ಅರ್ಥಶಾಸ್ತ್ರಜ್ಞರು ಇದೇ ಹೊತ್ತಿಗೆ ತಮ್ಮ ಲೆಕ್ಕ ಹಾಕುತ್ತಿದ್ದರು. ಚೀನಾದಲ್ಲಿ ಜೆನ್ಸನ್ ಮತ್ತು ಮಿಲ್ಲರ್ ಬಡವರಿಗೆ ಧಾನ್ಯವನ್ನು ಅಗ್ಗ ಮಾಡಿಕೊಟ್ಟು ನೋಡಿದರು; ಪೋಷಣೆ ಸುಧಾರಿಸಿದ ಗುರುತು ಸಿಗಲಿಲ್ಲ, ಉಳಿದ ದುಡ್ಡು ನಾಲಿಗೆಯ ಕಡೆ ಹೋಗಿತ್ತು. ಭಾರತದ ಅಂಕಿಗಳನ್ನು ನೋಡಿದ ಕೌಶಲ್ ಮತ್ತು ಮುಚೊಂಬಾ 2015ರಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಅದೇ: ಅಕ್ಕಿ ಗೋಧಿ ಏರಿ, ಜೋಳದಂಥ ಧಾನ್ಯ ಇಳಿಯಿತು. ಆದರೆ ಛತ್ತೀಸಗಢದ ರೇಷನ್ ಸುಧಾರಣೆಯ ಅಧ್ಯಯನ ಬೇರೆ ಮಾತು ಹೇಳಿತು. ಅಕ್ಕಿಯಲ್ಲಿ ಉಳಿದ ಹಣದಿಂದ ಜನ ಬೇಳೆ, ತರಕಾರಿ, ಮಾಂಸವನ್ನೂ ಹೆಚ್ಚು ಕೊಂಡಿದ್ದರು. ರೇಷನ್ ಸರಿಯಾಗಿ, ತಪ್ಪದೆ ಕೈಗೆ ಬಂದಲ್ಲಿ ಮಾತ್ರ ಹೆಂಗಸರು ಮುಂದಿನ ತಿಂಗಳ ಯೋಚನೆ ಬಿಟ್ಟು ಬೇಳೆಗೆ ಕೈಹಾಕುತ್ತಾರೆ ಎಂಬುದು ನನ್ನ ಓದು.

ಈ ಚರ್ಚೆಗೆಲ್ಲ ಮೊದಲೇ, ಬೀದರಿನಿಂದ ಸ್ವಲ್ಪ ದೂರದ ಜಹೀರಾಬಾದ್ ಸೀಮೆಯಲ್ಲಿ ದಲಿತ ಹೆಣ್ಣುಮಕ್ಕಳು ತಮ್ಮದೇ ರೇಷನ್ ಅಂಗಡಿ ಕಟ್ಟಿದ್ದರು. ಮೈಸೂರು ಮೂಲದ ಪಿ.ವಿ. ಸತೀಶ್ ಮತ್ತು ಗೆಳೆಯರು 1983ರಲ್ಲಿ ಆರಂಭಿಸಿದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳು ತೊಂಬತ್ತರ ದಶಕದ ನಡುವೆ ಬೀಳುಬಿದ್ದ ಹೊಲ ಉಳುಮೆಗೆ ಸಾಲ ಕೊಟ್ಟು, ಸಾಲವನ್ನು ಜೋಳದ ರೂಪದಲ್ಲೇ ವಾಪಸ್ ಪಡೆದವು. ಆ ಜೋಳ ಊರಲ್ಲೇ ಕೂಡಿತು. ಊರಲ್ಲಿ ಕಡುಬಡವರು ಯಾರು ಎಂದು ಹೆಂಗಸರೇ ಕೂತು ಗುರುತಿಸಿ, ಅವರಿಗೆ ಅಗ್ಗಕ್ಕೆ ಅಳೆದುಕೊಟ್ಟರು. ಯಾರಿಗೂ ಆರೋಗ್ಯದ ಭಾಷಣ ಮಾಡಲಿಲ್ಲ. ಬೀದರ್ ಜಿಲ್ಲೆಯ ಹೊಲಗಳು ಮಾತ್ರ ಸೋಯಾ ಕಡೆ ಹೊರಳಿದವು. ಸೋಯಾ ರಾಶಿಯಾದ ದಿನವೇ ಲಾರಿ ಹತ್ತುತ್ತದೆ. ಹೆಸರು, ಉದ್ದಿನ ಹಾಗೆ ಮನೆಯ ಗಡಿಗೆಯಲ್ಲಿ ಉಳಿಯುವುದಿಲ್ಲ.

ಆಯ್ಕೆ ಕೈಗೆ ಸಿಕ್ಕರೆ ಏನಾಗುತ್ತದೆಂದು ಶಾಲೆಗಳು ತೋರಿಸಿದವು. 2021ರ ಡಿಸೆಂಬರಿನಲ್ಲಿ ಬೀದರ್ ಸೇರಿ ಏಳು ಜಿಲ್ಲೆಗಳ ಬಿಸಿಯೂಟಕ್ಕೆ ಮೊಟ್ಟೆ ಬಂತು, ಬೇಡವೆಂದವರಿಗೆ ಬಾಳೆಹಣ್ಣು. ಕೆಲವು ಮಠಾಧೀಶರು ವಿರೋಧಿಸಿದರು. ಮಕ್ಕಳಲ್ಲಿ ಹೆಚ್ಚಿನವರು ಕೈಚಾಚಿದ್ದು ಮೊಟ್ಟೆಗೆ. ಆಮೇಲೆ ಅದು ರಾಜ್ಯಕ್ಕೆಲ್ಲ ಹಬ್ಬಿತು. ಇದೇ ಕಾಲಕ್ಕೆ ರೇಷನ್ ಅಕ್ಕಿಗೆ ಕಬ್ಬಿಣಾಂಶ ಸೇರಿಸಿದ ಸಾರವರ್ಧಿತ ಕಾಳನ್ನು ನೂರಕ್ಕೊಂದು ಪಾಲು ಬೆರೆಸಿದರೆ ಜನ ಅದನ್ನು ಪ್ಲಾಸ್ಟಿಕ್ ಅಕ್ಕಿಯೆಂದು ಆರಿಸಿ ಚೆಲ್ಲಿದರು. ಕಬ್ಬಿಣಾಂಶ ಕೋಳಿಯ ಮುಂದೆ ಬಿತ್ತು.

2023ರ ಜುಲೈಯಲ್ಲಿ ಅನ್ನಭಾಗ್ಯದಡಿ ಕೊಡಬೇಕಿದ್ದ ಹೆಚ್ಚುವರಿ ಐದು ಕಿಲೋ ಅಕ್ಕಿಯ ಬದಲು ತಲೆಗೆ 170 ರೂಪಾಯಿ ಖಾತೆಗೆ ಬೀಳತೊಡಗಿತು, ಆಗಸ್ಟಿನಲ್ಲಿ ಮನೆಯೊಡತಿಗೆ ಗೃಹಲಕ್ಷ್ಮಿ ಯೋಜನೆಯ ಎರಡು ಸಾವಿರ. ದುಡ್ಡು ಕೊಟ್ಟರೆ ಬೇಕಾದ್ದು ಕೊಳ್ಳುತ್ತಾರೆ ಎಂಬುದು ತರ್ಕ. ಬೇಕಾದ್ದು ಯಾವುದು? 2022-23ರ ಕೇಂದ್ರ ಸಮೀಕ್ಷೆಯ ಪ್ರಕಾರ ಹಳ್ಳಿಯ ಮನೆಯ ಖರ್ಚಿನಲ್ಲಿ ಧಾನ್ಯದ ಪಾಲು ಶೇ 5ರಷ್ಟು, ಪಾನೀಯ ಮತ್ತು ಸಿದ್ಧ ತಿನಿಸುಗಳದು ಶೇ 9.6. ದುಡ್ಡನ್ನು ತಾಟಿನ ಕಡೆ ತಿರುಗಿಸುವ ಉಪಾಯವೂ ಇಲ್ಲದಿಲ್ಲ: ಅಮೆರಿಕದ ಹ್ಯಾಂಪ್ಡೆನ್ ಕೌಂಟಿಯಲ್ಲಿ 2011-12ರಲ್ಲಿ ಹಣ್ಣು ತರಕಾರಿಗೆ ಖರ್ಚು ಮಾಡಿದ ಪ್ರತಿ ಡಾಲರಿಗೆ 30 ಸೆಂಟ್ ವಾಪಸ್ ಕೊಟ್ಟಾಗ ಅವುಗಳ ಸೇವನೆ ಕಾಲುಭಾಗದಷ್ಟು ಏರಿತು. ಆದರೆ ಅದು ಬಿಲ್ಲು ಮುದ್ರಿಸುವ ಅಂಗಡಿಗಳ ಊರು. ಉದ್ರಿ ವಹಿಗೆ ಆ ಉಪಾಯ ಹತ್ತುವುದಿಲ್ಲ.

ರಾಜ್ಯ 2025ರ ಫೆಬ್ರವರಿಯಲ್ಲಿ ನಗದು ಬಿಟ್ಟು ಅಕ್ಕಿಗೆ ಮರಳಿತು. ಅಕ್ಟೋಬರಿನಲ್ಲಿ ಸಂಪುಟ ಮತ್ತೆ ಮನಸ್ಸು ಬದಲಿಸಿ, ಆ ಐದು ಕಿಲೋ ಅಕ್ಕಿಯ ಬದಲು ತೊಗರಿಬೇಳೆ, ಎಣ್ಣೆ, ಸಕ್ಕರೆ, ಉಪ್ಪಿರುವ ಇಂದಿರಾ ಕಿಟ್ ಕೊಡಲು ಒಪ್ಪಿತು. ಕೊಟ್ಟ ಅಕ್ಕಿ ಕಾಳಸಂತೆಗೆ ಹೋಗುತ್ತಿದೆ ಎಂಬುದೂ ಒಂದು ಕಾರಣ. ಬೇಳೆಯ ಮಟ್ಟಿಗೆ ಇದು ಅರವತ್ತು ವರ್ಷ ತಡವಾಗಿ ಬಂದ ಬುದ್ಧಿ. ಸಕ್ಕರೆ ಯಾಕೆ ಎಂದು ಕೇಳಬಹುದು. ಜೋಳ ಯಾಕಿಲ್ಲ ಎಂದೂ ಕೇಳಬಹುದು, ಆದರೆ ಆ ಪ್ರಶ್ನೆ ಕೇಳುವವರು ರೊಟ್ಟಿ ಬಡಿಯುವವರು ಯಾರೆಂದೂ ಹೇಳಬೇಕು. ಪಕ್ಕದ ಕಲಬುರಗಿಯಲ್ಲಿ ಸ್ವಸಹಾಯ ಸಂಘದ ಹೆಂಗಸರು ಬಡಿದ ಜೋಳದ ರೊಟ್ಟಿ ಈಗ ‘ಕಲಬುರಗಿ ರೊಟ್ಟಿ’ ಎಂಬ ಹೆಸರು ಹೊತ್ತು ದೂರದ ಪಟ್ಟಣಗಳ ಗಿರಾಕಿಗಳನ್ನು ಮುಟ್ಟುತ್ತಿದೆ. ಔರಾದಿನ ಕಿರಾಣಿ ಅಂಗಡಿಯ ಮೊಳೆಗೆ ಇನ್ನೂ ಚಿಪ್ಸ್ ಪಾಕೀಟಿನ ಸರವೇ ಜೋತಾಡುತ್ತಿದೆ.