ಲಿಂಗಸುಗೂರು ಸೀಮೆಯ ಕಂದಾಯ ಮತ್ತು ಕಡಲಾಚೆಯ ವಿಶ್ರಾಂತಿ

ದುಡಿದ ದೇಶ ಒಂದು, ವಿಶ್ರಾಂತಿಯ ದೇಶ ಮತ್ತೊಂದು ಎಂಬ ಜೀವನಕ್ರಮವು ಇತ್ತೀಚಿನದೆಂದು ಅನೇಕರು ಭಾವಿಸುತ್ತಾರೆ. ಆದರೆ ಭಾರತದ ಇತಿಹಾಸದಲ್ಲಿ ಇದಕ್ಕೆ ಎರಡು ಶತಮಾನಗಳಿಗೂ ಮಿಕ್ಕ ಹಿನ್ನೆಲೆಯಿದೆ. ಈಸ್ಟ್ ಇಂಡಿಯಾ ಕಂಪನಿಯ ಸೇವೆಗೆ ಬಂದ ಯುರೋಪಿಯನ್ ಅಧಿಕಾರಿ ಇಲ್ಲಿ ದುಡಿದು, ಸ್ವದೇಶಕ್ಕೆ ಮರಳಿ, ಭಾರತದ ಬೊಕ್ಕಸದಿಂದ ಬರುವ ಹಣದಲ್ಲಿ ಕೊನೆಯ ದಿನಗಳನ್ನು ಕಳೆಯುತ್ತಿದ್ದನು. ಇಂತಹ ವಿಶ್ರಾಂತಿಗೆ ಎರಡು ಸಂಗತಿಗಳು ಅಗತ್ಯವಾಗಿದ್ದುವು. ಒಂದು, ವೇತನವನ್ನು ಕೇಳಿ ಪಡೆಯಲು ಕಾನೂನಿನ ಆಧಾರ. ಎರಡು, ಆ ಹಣವು ವಾಸಿಸುವ ದೇಶದ ನಾಣ್ಯದಲ್ಲಿ ಕುಂದಿಲ್ಲದೆ ಕೈಸೇರುವ ಏರ್ಪಾಡು. ಈ ಎರಡೂ ಯಾರಿಗೆ ಒದಗಿದ್ದುವು, ಯಾರಿಗೆ ಒದಗಿರಲಿಲ್ಲ, ಅದರ ಭಾರವನ್ನು ಹೊತ್ತವರು ಯಾರು ಎಂಬುದನ್ನು ಲಿಂಗಸುಗೂರು ಸೀಮೆಯನ್ನು ಕೇಂದ್ರವಾಗಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕೃಷ್ಣಾ ತುಂಗಭದ್ರೆಗಳ ನಡುವಣ ರಾಯಚೂರು ದೋಆಬ್ ಪ್ರದೇಶದಲ್ಲಿ ಲಿಂಗಸುಗೂರು, ಮಸ್ಕಿ, ಸಿಂಧನೂರುಗಳಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಪ್ರದೇಶವು ಹೈದರಾಬಾದಿನ ನಿಜಾಮನ ಆಳ್ವಿಕೆಯಲ್ಲಿತ್ತು. ನಿಜಾಮನ ಹೆಸರಿನಲ್ಲಿ, ಬ್ರಿಟಿಷ್ ಅಧಿಕಾರಿಗಳ ಕೈಕೆಳಗೆ ಇದ್ದ ಹೈದರಾಬಾದ್ ಕಂಟಿಂಜೆಂಟ್ ಸೈನ್ಯದ ಒಂದು ನೆಲೆ ಲಿಂಗಸುಗೂರಾಗಿತ್ತು. ಈ ಸೈನ್ಯದ ವೆಚ್ಚವನ್ನು ನಿಜಾಮನ ಸರ್ಕಾರವು ಕಾಲಕಾಲಕ್ಕೆ ಸಲ್ಲಿಸಲಾರದೆ ಹೋದುದರಿಂದ ಸಾಲ ಬೆಳೆಯಿತು. 1853ರ ಮೇ ತಿಂಗಳ ಒಪ್ಪಂದದಂತೆ ಬೇರಾರ್, ನಳದುರ್ಗ ಮತ್ತು ರಾಯಚೂರು ದೋಆಬ್ ಪ್ರದೇಶಗಳು ಕಂಪನಿಯ ಆಡಳಿತಕ್ಕೆ ಒಪ್ಪಿಸಲ್ಪಟ್ಟುವು. 5,000 ಕಾಲಾಳುಗಳು, 2,000 ಕುದುರೆ ಸವಾರರು ಮತ್ತು ನಾಲ್ಕು ತೋಪುದಳಗಳಿದ್ದ ಕಂಟಿಂಜೆಂಟಿನ ವೆಚ್ಚವನ್ನು ಈ ಪ್ರದೇಶಗಳ ಉತ್ಪತ್ತಿಯಿಂದಲೇ ಭರಿಸತಕ್ಕದ್ದೆಂದು ನಿಶ್ಚಯವಾಯಿತು. ಕೆಲವು ಮರಾಠಾ ಪಿಂಚಣಿದಾರರ ಭತ್ಯೆಯೂ ಅದೇ ಉತ್ಪತ್ತಿಗೆ ಸೇರಿತು. ಎಂದರೆ, 1853ರಿಂದ 1860ರವರೆಗೆ ಲಿಂಗಸುಗೂರಿನ ಎರೆಭೂಮಿಯಲ್ಲಿ ಜೋಳ ಹತ್ತಿಗಳನ್ನು ಬೆಳೆದ ರೈತನ ಕಂದಾಯದ ಒಂದು ಪಾಲು ಕಂಟಿಂಜೆಂಟಿನ ಅಧಿಕಾರಿಗಳ ಸಂಬಳಕ್ಕೆ ಸಂದಿತು. 1860ರ ಡಿಸೆಂಬರಿನ ಒಪ್ಪಂದದಂತೆ ದೋಆಬ್ ಮತ್ತು ನಳದುರ್ಗಗಳು ನಿಜಾಮನಿಗೆ ಹಿಂದಿರುಗಿದುವು. ಬೇರಾರ್ ಮಾತ್ರ ಬ್ರಿಟಿಷರಲ್ಲಿಯೇ ಉಳಿಯಿತು.

ಸಂಬಳವನ್ನು ಪಡೆದ ಅಧಿಕಾರಿಗಳೆಲ್ಲರ ಸ್ಥಾನವೂ ಕಾನೂನಿನ ದೃಷ್ಟಿಯಲ್ಲಿ ಒಂದೇ ಆಗಿರಲಿಲ್ಲ. ಆ ಕಾಲದಲ್ಲಿ ಯುರೋಪಿಯನ್ನನಾದವನು ಭಾರತದಲ್ಲಿ ಇಚ್ಛೆ ಬಂದಂತೆ ನೆಲೆಸುವಂತಿರಲಿಲ್ಲ. 1833ರ ಚಾರ್ಟರ್ ಶಾಸನವು ಕಂಪನಿಯ ಹಳೆಯ ಪ್ರಾಂತಗಳಲ್ಲಿ ಪರವಾನಗಿಯ ಕಟ್ಟನ್ನು ಸಡಿಲಿಸಿತಾದರೂ ದೇಶೀಯ ಸಂಸ್ಥಾನಗಳ ಸ್ಥಿತಿ ಬೇರೆಯಾಗಿತ್ತು. ನಿಜಾಮನು 1798ರ ಒಪ್ಪಂದದಲ್ಲಿ ತನ್ನ ಫ್ರೆಂಚ್ ಪಡೆಯನ್ನು ವಿಸರ್ಜಿಸಿ, ಕಂಪನಿಯ ಸಮ್ಮತಿಯಿಲ್ಲದೆ ಯುರೋಪಿಯನ್ನರನ್ನು ಸೇವೆಗೆ ಇಟ್ಟುಕೊಳ್ಳುವುದಿಲ್ಲವೆಂದು ಒಪ್ಪಿದ್ದನು. ಹೀಗಾಗಿ ಹೈದರಾಬಾದಿನಲ್ಲಿದ್ದ ಆಂಗ್ಲ ಅಧಿಕಾರಿಗಳಲ್ಲಿ ಎರಡು ವರ್ಗಗಳನ್ನು ಕಾಣುತ್ತೇವೆ: ಕಂಪನಿಯ ಸೇವೆಯಿಂದ ಎರವಲಾಗಿ ಬಂದವರು ಮತ್ತು ನೇರವಾಗಿ ನಿಜಾಮನ ಸೇವೆಯನ್ನೇ ಸೇರಿದವರು.

ಮೊದಲನೆಯ ವರ್ಗದವರ ವಿಶ್ರಾಂತಿಗೆ ಲಿಖಿತ ನಿಯಮಗಳ ಬೆಂಬಲವಿತ್ತು. 1770ರಲ್ಲಿ ಸ್ಥಾಪಿತವಾದ ಲಾರ್ಡ್ ಕ್ಲೈವ್ ನಿಧಿಯು ಅಶಕ್ತರಾದ ಸೈನಿಕರಿಗೂ ವಿಧವೆಯರಿಗೂ ನೆರವು ನೀಡುತ್ತಿತ್ತು. ಮೀರ್ ಜಾಫರನು ಕ್ಲೈವನಿಗೆ ಬಿಟ್ಟುಹೋದ ಐದು ಲಕ್ಷ ರೂಪಾಯಿ ಅದರ ಮೂಲಧನ. ಇಂಗ್ಲೆಂಡಿನ ಸೈನಿಕ ವಿಧವೆಯ ಜೀವನಾಂಶವು ಬಂಗಾಳದ ನವಾಬನ ಬೊಕ್ಕಸದಿಂದ ಹೊರಟಿತ್ತೆಂಬುದು ಗಮನಾರ್ಹ. 1796ರ ನಿಯಮಗಳಂತೆ ಕಂಪನಿಯ ಸೈನ್ಯಾಧಿಕಾರಿಯು, ಮೂರು ವರ್ಷಗಳ ರಜೆಯೂ ಸೇರಿ, 25 ವರ್ಷಗಳ ಸೇವೆಯ ಬಳಿಕ ತನ್ನ ದರ್ಜೆಯ ವೇತನದೊಡನೆ ನಿವೃತ್ತನಾಗಬಹುದಾಗಿತ್ತು. ಸಿವಿಲ್ ಸೇವೆಯ ಕರಾರುಬದ್ಧ ಅಧಿಕಾರಿಗಳು ಸಂಬಳದಲ್ಲಿ ನೂರಕ್ಕೆ ನಾಲ್ಕರಂತೆ ವಂತಿಗೆ ಕೊಡುತ್ತಿದ್ದರು. 25 ವರ್ಷಗಳ ಸೇವೆಯ ಬಳಿಕ ವರ್ಷಕ್ಕೆ 1,000 ಪೌಂಡುಗಳ ವೇತನವು ಅವರ ಪಾಲಿಗೆ ರೂಢಿಯಾಯಿತು. ಎರಡನೆಯ ವರ್ಗದವರಿಗಾದರೋ ಇಂತಹ ನಿಶ್ಚಿತ ಭರವಸೆಯಿರಲಿಲ್ಲ.

ಈ ವ್ಯತ್ಯಾಸವನ್ನು ಫಿಲಿಪ್ ಮೆಡೋಸ್ ಟೇಲರನ ಜೀವನವು ಸ್ಪಷ್ಟಪಡಿಸುತ್ತದೆ. 1808ರಲ್ಲಿ ಲಿವರ್‌ಪೂಲಿನಲ್ಲಿ ಜನಿಸಿದ ಆತನು ಹದಿನೈದರ ವಯಸ್ಸಿನಲ್ಲಿ ಬೊಂಬಾಯಿಯ ಒಬ್ಬ ವರ್ತಕನಲ್ಲಿ ಕೆಲಸಕ್ಕೆಂದು ಭಾರತಕ್ಕೆ ಬಂದನು. ಆ ವರ್ತಕನ ವ್ಯವಹಾರವು ಕುಸಿಯುವ ಸ್ಥಿತಿಯಲ್ಲಿದ್ದುದರಿಂದ 1824ರಲ್ಲಿ ನಿಜಾಮನ ಸೈನ್ಯದಲ್ಲಿ ಅಧಿಕಾರಿಯ ಸ್ಥಾನವನ್ನು ಪಡೆದನು. 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತ ಆತನ ಕೈಯಲ್ಲಿತ್ತು. ಬಾಲರಾಜನಾದ ವೆಂಕಟಪ್ಪ ನಾಯಕನು ಪ್ರಾಪ್ತವಯಸ್ಕನಾದ ಬಳಿಕ ನಳದುರ್ಗ ಜಿಲ್ಲೆಗೆ ಹೋದನು. 1858ರ ಫೆಬ್ರುವರಿಯಲ್ಲಿ ಸುರಪುರವು ಬಂಡೆದ್ದಾಗ ಲಿಂಗಸುಗೂರಿನ ಕಂಟಿಂಜೆಂಟ್ ದಳವೇ ಅಲ್ಲಿಗೆ ಸಾಗಿತು. ರಾಜನ ಪತನಾನಂತರ ಟೇಲರನು ಅಲ್ಲಿನ ಆಡಳಿತಕ್ಕೆ ಮತ್ತೆ ನಿಯುಕ್ತನಾದನು. ಸುರಪುರದ ಸುತ್ತಲಿನ ಶಿಲಾಸಮಾಧಿಗಳನ್ನು ಪರಿಶೋಧಿಸಿ ಆತನು ಪ್ರಕಟಿಸಿದ ಲೇಖನಗಳು ದಕ್ಷಿಣ ಭಾರತದ ಬೃಹತ್ ಶಿಲಾಯುಗದ ಅಧ್ಯಯನಕ್ಕೆ ಇಂದಿಗೂ ಆರಂಭಬಿಂದುಗಳಾಗಿವೆ.

ಇಷ್ಟೆಲ್ಲ ಹೊಣೆಯನ್ನು ಹೊತ್ತ ಈತನು ಕಂಪನಿಯ ಸಿವಿಲ್ ಸೇವೆಗಾಗಲಿ ಕಂಪನಿಯ ಸೈನ್ಯಕ್ಕಾಗಲಿ ಸೇರಿದವನಲ್ಲ; ಜೀವನವಿಡೀ ನಿಜಾಮನ ಅಧಿಕಾರಿ. ಕರಾರುಬದ್ಧ ಅಧಿಕಾರಿಗೆ 25 ವರ್ಷಗಳಲ್ಲಿ ದೊರೆಯುತ್ತಿದ್ದ ನಿಶ್ಚಿತ ಹಕ್ಕು, 1824ರಿಂದ 36 ವರ್ಷಗಳಷ್ಟು ದುಡಿದ ಟೇಲರನಿಗೆ ಅದೇ ನಿಯಮದಡಿ ಸಲ್ಲುತ್ತಿರಲಿಲ್ಲ. 1860ರಲ್ಲಿ ಆರೋಗ್ಯ ಕೆಟ್ಟು ಭಾರತವನ್ನು ಬಿಟ್ಟಾಗ ಆತನಿಗೆ ಪಿಂಚಣಿ ದೊರೆಯಿತು, ನಿಜ. ಆದರೆ ಅದು ಸರ್ಕಾರವು ಸೇವೆಯನ್ನು ಮೆಚ್ಚಿ ಮಂಜೂರು ಮಾಡಿದ ವೇತನವಾಗಿತ್ತು. ಫಲ ಒಂದೇ ಎಂದು ತೋರಬಹುದಾದರೂ ಮೆಚ್ಚುಗೆಯಿಂದ ಬಂದುದಕ್ಕೂ ನಿಯಮದಿಂದ ಬಂದುದಕ್ಕೂ ಇರುವ ಅಂತರ ದೊಡ್ಡದು; ಮೊದಲನೆಯದನ್ನು ನಂಬಿ ಯಾರೂ ಮುಂಚಿತವಾಗಿ ತಮ್ಮ ವೃದ್ಧಾಪ್ಯವನ್ನು ಯೋಜಿಸಲಾರರು. ವಿಶ್ರಾಂತಿಯ ವರ್ಷಗಳಲ್ಲಿ ಟೇಲರನು ‘ತಾರಾ’, ‘ಸೀತಾ’ ಮೊದಲಾದ ಕಾದಂಬರಿಗಳನ್ನು ಬರೆದನು. 1875ರಲ್ಲಿ ಸಾಲಾರ್ ಜಂಗನ ಆಹ್ವಾನದ ಮೇರೆಗೆ ಹೈದರಾಬಾದಿಗೆ ಬಂದು, ಜ್ವರಪೀಡಿತನಾಗಿ ಮರಳುವಾಗ, 1876ರ ಮೇ 13ರಂದು ಫ್ರಾನ್ಸಿನ ಮೆಂಟೋನಿನಲ್ಲಿ ತೀರಿಕೊಂಡನು. ಮಗಳು ಸಂಪಾದಿಸಿದ ಆತನ ಆತ್ಮಕಥೆಯು 1877ರಲ್ಲಿ ಪ್ರಕಟವಾಯಿತು.

ಇನ್ನು ಹಣಕಾಸಿನ ಅಂಶವನ್ನು ನೋಡೋಣ. ಪಿಂಚಣಿಯ ಮೊತ್ತ ನಿಶ್ಚಯವಾದ ಮಾತ್ರಕ್ಕೆ ವಿದೇಶವಾಸದ ಖರ್ಚು ನಿಶ್ಚಯವಾಗುವುದಿಲ್ಲ. ಅದು ಯಾವ ನಾಣ್ಯದಲ್ಲಿ ನಿಶ್ಚಯವಾಗಿದೆ ಎಂಬುದು ಮುಖ್ಯ. 1870ರ ಸುಮಾರಿಗೆ ಒಂದು ರೂಪಾಯಿಗೆ ಹೆಚ್ಚುಕಡಮೆ 2 ಶಿಲಿಂಗುಗಳ ಬೆಲೆಯಿತ್ತು. ಜರ್ಮನಿ ಮುಂತಾದ ದೇಶಗಳು ಚಿನ್ನದ ನಾಣ್ಯಪದ್ಧತಿಯನ್ನು ಕೈಗೊಂಡ ಮೇಲೆ ಬೆಳ್ಳಿಯ ಬೆಲೆ ಇಳಿಯುತ್ತ ಹೋಗಿ, ಬೆಳ್ಳಿಯ ರೂಪಾಯಿಯೂ ಇಳಿಯಿತು. 1893ರಲ್ಲಿ ಭಾರತದ ಟಂಕಸಾಲೆಗಳನ್ನು ಬೆಳ್ಳಿಯ ಮುಕ್ತ ಮುದ್ರಣಕ್ಕೆ ಮುಚ್ಚಲಾಯಿತು. ಶತಮಾನದ ಕೊನೆಗೆ ರೂಪಾಯಿಯು 1 ಶಿಲಿಂಗು 4 ಪೆನ್ಸುಗಳಲ್ಲಿ ನೆಲೆನಿಂತಿತು. ಇದರ ಪರಿಣಾಮವನ್ನು ಒಂದು ಲೆಕ್ಕದಿಂದ ತಿಳಿಯಬಹುದು. 1,000 ಪೌಂಡುಗಳ ಪಿಂಚಣಿಯನ್ನು ಕಳುಹಿಸಲು ಮೊದಲು 10,000 ರೂಪಾಯಿ ಸಾಕಾಗುತ್ತಿತ್ತು. ಬಳಿಕ 15,000 ರೂಪಾಯಿ ಬೇಕಾಯಿತು. ಪೌಂಡಿನಲ್ಲಿ ವೇತನ ಪಡೆದವನಿಗೆ ನಷ್ಟವಿಲ್ಲ. ಹೆಚ್ಚಿನ 5,000 ರೂಪಾಯಿಯು ಭಾರತದ ತೆರಿಗೆದಾರನ ಮೇಲೆ ಬಿತ್ತು. ಕರಾರುರಹಿತ ಸೇವೆಯಲ್ಲಿದ್ದು ರೂಪಾಯಿಯಲ್ಲಿ ಪಿಂಚಣಿ ಪಡೆದವನ ಗತಿ ಇದಕ್ಕೆ ವಿರುದ್ಧ. 5,000 ರೂಪಾಯಿಯ ಆತನ ವಾರ್ಷಿಕ ವೇತನವು ಹಳೆಯ ದರದಲ್ಲಿ 500 ಪೌಂಡುಗಳಾದರೆ, ಹೊಸ ಪೇಟೆಯ ದರದಲ್ಲಿ 333 ಪೌಂಡುಗಳಷ್ಟೆ. ಇಂಗ್ಲೆಂಡಿಗೆ ಮರಳಿದ್ದ ಇಂತಹ ಪಿಂಚಣಿದಾರರ ಅಸಮಾಧಾನವು ಬ್ರಿಟಿಷ್ ಪಾರ್ಲಿಮೆಂಟಿನವರೆಗೂ ಮುಟ್ಟಿತು.

ಭಾರತದಿಂದ ಪ್ರತಿವರ್ಷ ಇಂಗ್ಲೆಂಡಿನಲ್ಲಿ ಸಲ್ಲುತ್ತಿದ್ದ ಈ ವೆಚ್ಚಕ್ಕೆ ‘ಹೋಮ್ ಚಾರ್ಜಸ್’ ಎಂಬ ಹೆಸರಿತ್ತು. ಪಿಂಚಣಿಗಳು ಅದರ ಒಂದು ಮುಖ್ಯ ಭಾಗ. ದಾದಾಭಾಯಿ ನವರೋಜಿಯವರ ಸಂಪತ್ತಿನ ಸೋರಿಕೆಯ ವಾದದಲ್ಲಿ ಇದು ಪ್ರಧಾನವಾದ ಅಂಶವಾಗಿದೆ. ಸಂಬಳವನ್ನು ಇಲ್ಲಿಯೇ ಖರ್ಚು ಮಾಡುವ ಅಧಿಕಾರಿಯ ಹಣ ಈ ನೆಲದ ಕುಶಲಕರ್ಮಿಗೂ ವ್ಯಾಪಾರಿಗೂ ಮರಳುತ್ತದೆ. ಪಿಂಚಣಿಯಾಗಿ ಕಡಲು ದಾಟಿದ ಹಣ ಮರಳುವುದಿಲ್ಲ. ಇದೇ ವಾದವನ್ನು ಬೆಳೆಸಿದ ರಮೇಶಚಂದ್ರ ದತ್ತರು ಸ್ವತಃ 1897ರಲ್ಲಿ ಐ.ಸಿ.ಎಸ್. ಸೇವೆಯಿಂದ ನಿವೃತ್ತರಾಗಿ ಲಂಡನ್ನಿನಲ್ಲಿ ಕೆಲವು ವರ್ಷ ಇದ್ದವರೆಂಬುದನ್ನು ಇಲ್ಲಿ ನೆನೆಯಬೇಕು. ವ್ಯಕ್ತಿಗೆ ನ್ಯಾಯವಾಗಿ ಸಲ್ಲುವ ವೇತನವೂ, ಆಳುವವರ ಒಪ್ಪಿಗೆಯೊಂದರಿಂದಲೇ ಏರ್ಪಟ್ಟಾಗ, ದೇಶಕ್ಕೆ ಭಾರವಾಗಬಹುದು. ಈ ಎರಡು ಸತ್ಯಗಳನ್ನೂ ಒಟ್ಟಿಗೆ ಹಿಡಿದು ನೋಡಿದಲ್ಲದೆ ಈ ಕಾಲದ ಚಿತ್ರ ಪೂರ್ಣವಾಗದು.

ಇತ್ತ ದೋಆಬಿನ ಸ್ಥಳೀಯ ಪಿಂಚಣಿದಾರನ ಸ್ಥಿತಿಯನ್ನು ಗಮನಿಸಿದರೆ, ಆತನಿಗೆ ವಿದೇಶವು ಸಮುದ್ರದಾಚೆ ಇರಲಿಲ್ಲ, ಹೊಳೆಯಾಚೆಯೇ ಇತ್ತು. ಸಿಂಧನೂರಿನ ಕಡೆಯಿಂದ ತುಂಗಭದ್ರೆಯನ್ನು ದಾಟಿದರೆ ಸಿರುಗುಪ್ಪ. ಅದು ಮದರಾಸು ಪ್ರಾಂತಕ್ಕೆ ಸೇರಿದ ಬಳ್ಳಾರಿ ಜಿಲ್ಲೆ. ಎರಡು ದಡಗಳಲ್ಲಿಯೂ ಕನ್ನಡವೇ ಮಾತು, ಬೀಗತನ ಬಾಂಧವ್ಯಗಳು ಅಡೆತಡೆಯಿಲ್ಲದೆ ನಡೆಯುತ್ತಿದ್ದುವು. ಆದರೆ ಸರ್ಕಾರ ಬೇರೆ, ನಾಣ್ಯ ಬೇರೆ. ನಿಜಾಮನ ಹಾಲಿ ಸಿಕ್ಕಾ ರೂಪಾಯಿಯ ದರವು ಇಪ್ಪತ್ತನೆಯ ಶತಮಾನದಲ್ಲಿ 7 ಹಾಲಿಗೆ 6 ಬ್ರಿಟಿಷ್ ಭಾರತದ ರೂಪಾಯಿಯಂತೆ ಇತ್ತು. ತಿಂಗಳಿಗೆ 70 ಹಾಲಿ ರೂಪಾಯಿಯ ವೇತನವುಳ್ಳವನು ಸಿರುಗುಪ್ಪದ ಮಗಳ ಮನೆಯಲ್ಲಿ ನೆಲೆಸಬಯಸಿದರೆ ಆತನ ಕೈಯಲ್ಲಿ ಉಳಿಯುವುದು 60 ರೂಪಾಯಿ. ವಿನಿಮಯದ ವಟ್ಟವನ್ನು ಅದರಿಂದಲೇ ಕೊಡಬೇಕು. ಲಂಡನ್ನಿನ ಪಿಂಚಣಿದಾರನ ಸಮಸ್ಯೆಯು ಸಣ್ಣ ಪ್ರಮಾಣದಲ್ಲಿ ತುಂಗಭದ್ರೆಯ ದಡದಲ್ಲಿಯೂ ಇತ್ತು.

ಕಾನೂನಿನ ರಕ್ಷಣೆಯಾದರೂ ಭಾರತೀಯ ಪಿಂಚಣಿದಾರನಿಗೆ ಇತ್ತೆ? ಬ್ರಿಟಿಷ್ ಭಾರತದಲ್ಲಿ 1871ರ ಪಿಂಚಣಿ ಶಾಸನವು ಪಿಂಚಣಿಯನ್ನು ಸಾಲಗಾರರ ಜಪ್ತಿಯಿಂದ ರಕ್ಷಿಸಿತು. ಆದರೆ ಅದೇ ಶಾಸನದ 4ನೆಯ ಕಲಮು, ಸರ್ಕಾರವು ದಯಪಾಲಿಸಿದ ಪಿಂಚಣಿಯ ವಿಷಯದಲ್ಲಿ ಸಿವಿಲ್ ನ್ಯಾಯಾಲಯಗಳು ದಾವೆಯನ್ನು ವಿಚಾರಿಸಕೂಡದೆಂದು ಸಾಮಾನ್ಯವಾಗಿ ವಿಧಿಸಿತು. ಸಾಲಗಾರನಿಂದ ರಕ್ಷಣೆ ಉಂಟು, ಸರ್ಕಾರದಿಂದ ಇಲ್ಲ. ಪಿಂಚಣಿಯು ಪ್ರಭುವಿನ ಅನುಗ್ರಹವೆಂಬ ಹಳೆಯ ಭಾವನೆಯು ಈ ಕಲಮಿನಲ್ಲಿ ಶಾಸನರೂಪವನ್ನು ತಾಳಿತು.

ಸರ್ಕಾರಗಳು ಬದಲಾದಾಗ ಪಿಂಚಣಿಯ ಹೊಣೆ ಯಾರದು ಎಂಬ ಪ್ರಶ್ನೆ ತೀವ್ರವಾಯಿತು. ಸ್ವಾತಂತ್ರ್ಯಾನಂತರ, 1948ರ ಜುಲೈ ತಿಂಗಳ ಒಪ್ಪಂದದಲ್ಲಿ, ಬ್ರಿಟನ್ನಿನಲ್ಲಿ ಸಲ್ಲಬೇಕಾಗಿದ್ದ ಪಿಂಚಣಿಗಳಿಗಾಗಿ ಭಾರತವು ತನ್ನ ಸ್ಟರ್ಲಿಂಗ್ ಶಿಲ್ಕಿನಿಂದ ಸುಮಾರು 168 ದಶಲಕ್ಷ ಪೌಂಡುಗಳನ್ನು ತೆತ್ತು ವರ್ಷಾಸನವನ್ನು ಕೊಂಡುಕೊಂಡಿತು. 1955ರಲ್ಲಿ ಆ ಪಿಂಚಣಿಗಳ ಹೊಣೆಯನ್ನು ಬ್ರಿಟಿಷ್ ಸರ್ಕಾರವು ವಹಿಸಿಕೊಂಡಿತು. ಯುದ್ಧಕಾಲದಲ್ಲಿ ಭಾರತವು ಹೊಟ್ಟೆ ಕಟ್ಟಿ ಉಳಿಸಿದ ಹಣದಿಂದ ಹಿಂದಿನ ಅಧಿಕಾರಿಗಳ ವೃದ್ಧಾಪ್ಯವು ಭದ್ರವಾಯಿತು. ದೋಆಬಿನಲ್ಲಿಯೂ ಬದಲಾವಣೆಗಳು ಬೇಗಬೇಗ ನಡೆದುವು. 1905ರಲ್ಲಿಯೇ ಲಿಂಗಸುಗೂರು ಜಿಲ್ಲೆಯ ಸ್ಥಾನವನ್ನು ಕಳೆದುಕೊಂಡು ರಾಯಚೂರಿಗೆ ಸೇರಿತ್ತು. 1948ರ ಸೆಪ್ಟೆಂಬರಿನಲ್ಲಿ ನಿಜಾಮನ ಆಳ್ವಿಕೆ ಕೊನೆಗೊಂಡಿತು. ಮುಂದಿನ ದಶಕದಲ್ಲಿ ಹಾಲಿ ಸಿಕ್ಕಾ ಚಲಾವಣೆಯಿಂದ ಮರೆಯಾಯಿತು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯದಲ್ಲಿ ಸೇರಿತು. ರಾಜ್ಯಗಳ ಪುನರ್ವಿಂಗಡಣೆಯ ಶಾಸನವು ಹಳೆಯ ರಾಜ್ಯಗಳ ಪಿಂಚಣಿಯ ಹೊಣೆಯನ್ನು ಹೊಸ ರಾಜ್ಯಗಳಿಗೆ ಹಂಚಿತು. ಬಳ್ಳಾರಿಯೂ ರಾಯಚೂರೂ ಒಂದೇ ರಾಜ್ಯವಾದ ಮೇಲೆ ಹೊಳೆಯಾಚೆಯ ವಿದೇಶವು ಇಲ್ಲವಾಯಿತು.

ಅನುಗ್ರಹದಿಂದ ಹಕ್ಕಿನ ಕಡೆಗೆ ನಿರ್ಣಾಯಕವಾದ ಹೆಜ್ಜೆಯನ್ನು ಇಟ್ಟುದು ಸ್ವತಂತ್ರ ಭಾರತದ ಸರ್ವೋಚ್ಚ ನ್ಯಾಯಾಲಯ. ದೇವಕೀನಂದನ ಪ್ರಸಾದ್ ಮತ್ತು ಬಿಹಾರ ರಾಜ್ಯದ ನಡುವಣ 1971ರ ಪ್ರಕರಣದಲ್ಲಿ, ಪಿಂಚಣಿಯು ಸರ್ಕಾರದ ಇಷ್ಟಾನಿಷ್ಟಗಳನ್ನು ಅವಲಂಬಿಸಿದ ದಾನವಲ್ಲ, ನೌಕರನ ಸ್ವತ್ತು ಎಂದು ಅದು ತೀರ್ಮಾನಿಸಿತು. 1982ರ ನಕಾರಾ ಪ್ರಕರಣದಲ್ಲಿ, ನಿವೃತ್ತಿಯ ದಿನಾಂಕವೊಂದನ್ನೇ ಹಿಡಿದು ಪಿಂಚಣಿದಾರರಲ್ಲಿ ಭೇದವೆಣಿಸುವುದು ಸಮಾನತೆಗೆ ವಿರುದ್ಧವೆಂದು ಸಾರಿತು.

ಇಂದು ರಾಯಚೂರು ಜಿಲ್ಲೆಯ ನಿವೃತ್ತ ಅಧ್ಯಾಪಕರೊಬ್ಬರು ಮಕ್ಕಳೊಡನೆ ವಿದೇಶದಲ್ಲಿ ನೆಲೆಸಬಯಸಿದರೆ, ಆ ದೇಶದ ವಾಸದ ಅನುಮತಿ, ವಿನಿಮಯದ ದರ, ಎರಡು ದೇಶಗಳ ತೆರಿಗೆ ಇವೆಲ್ಲವನ್ನೂ ಎದುರಿಸಬೇಕಾಗುತ್ತದೆ. ತಾವು ಬದುಕಿರುವ ಬಗ್ಗೆ ವರ್ಷಕ್ಕೊಮ್ಮೆ ಪ್ರಮಾಣಪತ್ರವನ್ನೂ ಸಲ್ಲಿಸಬೇಕು. 2014ರಿಂದ ಇದಕ್ಕೆ ‘ಜೀವನ್ ಪ್ರಮಾಣ್’ ಎಂಬ ವಿದ್ಯುನ್ಮಾನ ವ್ಯವಸ್ಥೆ ಬಂದಿದೆ. ಈ ತೊಡಕುಗಳು ಟೇಲರನ ಕಾಲದವರಿಗೂ ಅಪರಿಚಿತವಾಗಿರಲಿಲ್ಲ. ಆದರೆ ಮೂವತ್ತಾರು ವರ್ಷ ದುಡಿದ ಆತನಿಗೆ ಇರದಿದ್ದ ಒಂದು ಆಧಾರ ಅವರಿಗಿದೆ: ವೇತನವು ತಪ್ಪಿದರೆ ನ್ಯಾಯಾಲಯದ ಬಾಗಿಲನ್ನು ತಟ್ಟಬಹುದು. ಅವರು ದುಡಿದ ನಾಡಿನ ಪ್ರಜೆಗಳು ತಾವೇ ಆರಿಸಿದ ಶಾಸನಸಭೆಯ ಒಪ್ಪಿಗೆಯಿಂದ ಆ ವೇತನವನ್ನು ಸಲ್ಲಿಸುತ್ತಿದ್ದಾರೆ. 1853ರಲ್ಲಿ ಲಿಂಗಸುಗೂರಿನ ರೈತನನ್ನು ಹಾಗೆ ಕೇಳಿದವರಿರಲಿಲ್ಲ. ಪಿಂಚಣಿಯ ಇತಿಹಾಸವನ್ನು ಬರೆಯುವವರು ಪಡೆದವನ ಹಕ್ಕನ್ನೂ ಕೊಟ್ಟವನ ಒಪ್ಪಿಗೆಯನ್ನೂ ಸಮನಾಗಿ ವಿಚಾರಿಸಬೇಕೆಂಬುದು ಈ ಅಧ್ಯಯನದಿಂದ ಹೊರಡುವ ನಿರ್ಣಯ.